ಕೊಸರಿನ ಗೆಲುವು

ತೂಕದ ಉಳವಪ್ಪನಿಗೆ ಬೆಳಿಗ್ಗೆ ಒಂದು ಗಂಟಲು, ಸಂಜೆಗೆ ಇನ್ನೊಂದು ಗಂಟಲು ಇತ್ತು.

ಬೆಳಗಿನದು ಬೈಲಹೊಂಗಲದ ವಿರೂಪಾಕ್ಷಪ್ಪ ಸಾವಕಾರರ ಜಿನ್ನಿಂಗ್ ಫ್ಯಾಕ್ಟರಿಯ ಬಾಗಿಲಲ್ಲಿ ಹತ್ತಿ ತೂಗುವಾಗಿನ ಗಂಟಲು. "ಲಾಭ, ಎರಡು, ಮೂರು" ಎಂದು ಎಣಿಸುತ್ತಿದ್ದ. ತಕ್ಕಡಿಯ ಮುಂದೆ ನಿಂತವನು ಒಂದು ಎನ್ನುವುದಿಲ್ಲ, ಮೊದಲ ತೂಕಕ್ಕೆ ಲಾಭವೆಂದೇ ಹೆಸರು. ಆ ದನಿಯಲ್ಲಿ ರೈತನ ಮೇಲೆ ಮಮತೆಯೂ ಇರಲಿಲ್ಲ, ಸಾವಕಾರರ ಭಯವೂ ಇರಲಿಲ್ಲ. ಮೂವತ್ತೈದು ವರ್ಷ ಯಾರ ಪರವಾಗಿಯೂ ಒಂದು ಮಾತಾಡದೆ ತೂಗಿದ ಮನುಷ್ಯ ಅವನು. ನೇಸರಗಿಯಿಂದ ಸವದತ್ತಿಯವರೆಗೆ, ಉಳವಪ್ಪ ತೂಗಿದ್ದೆಂದರೆ ಮತ್ತೊಮ್ಮೆ ತೂಗಿಸುವವರಿಲ್ಲ.

ಅವನ ಪಕ್ಕದಲ್ಲಿ ಒಂದು ಮರದ ಹಲಗೆ ನಿಂತಿರುತ್ತಿತ್ತು. ಅದಕ್ಕೆ ಎರಡು ತಂತಿ ಬಿಗಿದು, ನೂರು ನೂರು ಕಟ್ಟಿಗೆಯ ಮಣಿ ಪೋಣಿಸಿದ್ದರು. ಮೇಲಿನ ತಂತಿ ಫ್ಯಾಕ್ಟರಿಯ ಒಳಗೆ ಹೋದ ಹತ್ತಿಯ ಲೆಕ್ಕ, ಕೆಳಗಿನದು ರೈತನಿಗೆ ದುಡ್ಡು ಸಲ್ಲಬೇಕಾದ ಹತ್ತಿಯ ಲೆಕ್ಕ. ಪ್ರತಿ ತೂಕಕ್ಕೆ ಎರಡೂ ತಂತಿಯಲ್ಲಿ ಒಂದೊಂದು ಮಣಿ ಸರಿಯುತ್ತಿತ್ತು. ಇಪ್ಪತ್ತು ತೂಕವಾದಾಗ ರೈತ ಒಂದು ತೂಕ ಹತ್ತಿಯನ್ನು ಪುಕ್ಕಟೆ ಸುರಿಯಬೇಕು. ಅದು ಕೊಸರು. ಆಗ ಮೇಲಿನ ತಂತಿಯಲ್ಲಿ ಮಾತ್ರ ಒಂದು ಮಣಿ ಹೆಚ್ಚಿಗೆ ಸರಿಯುತ್ತಿತ್ತು. ಈ ಪದ್ಧತಿ ಯಾರು ಯಾವಾಗ ಮಾಡಿದ್ದೋ ಯಾರಿಗೂ ಗೊತ್ತಿರಲಿಲ್ಲ, ಕೇಳಿದವರೂ ಇರಲಿಲ್ಲ.

ಸಂಜೆಯ ಗಂಟಲು ಬೈಯುವುದಕ್ಕೆ.

ಫ್ಯಾಕ್ಟರಿಯ ಹಿಂದಿನ ಬಯಲಿನಲ್ಲಿ ಎರಡು ಕಂಬ, ಎರಡು ಬಳೆ, ಸುಣ್ಣದ ಗೆರೆ ಇದ್ದ ಬಾಸ್ಕೆಟ್‌ಬಾಲ್ ಅಂಗಳವಿತ್ತು. ತೊಂಬತ್ತೊಂದರಲ್ಲಿ ರಾಮದುರ್ಗದ ನೂಲಿನ ವ್ಯಾಪಾರಿಗಳು ಸಂಬಳ ಕೊಟ್ಟು ಒಂದು ತಂಡ ಕಟ್ಟಿದಾಗ ನಮ್ಮ ವಿರೂಪಾಕ್ಷಪ್ಪನವರಿಗೆ ಹೊಟ್ಟೆ ಉರಿಯಿತು. ಸವದತ್ತಿಯ ಉಳ್ಳಾಗಡ್ಡಿ ವ್ಯಾಪಾರಿಗಳಿಗೂ ಕಿತ್ತೂರಿನ ಲಾರಿ ಮಾಲಕರಿಗೂ ಅದೇ ಉರಿ ತಗುಲಿ, ನಾಲ್ಕು ಊರಿಗೆ ನಾಲ್ಕು ತಂಡಗಳಾದವು. ಎಲ್ಲರೂ ಪಗಾರದ ಆಟಗಾರರು. ನಮ್ಮವರ ಹೆಸರು ಫ್ಯಾಕ್ಟರಿಯ ಪ್ರೆಸ್ ಖಾತೆಯಲ್ಲಿತ್ತು. ಮಧ್ಯಾಹ್ನದವರೆಗೆ ಯಂತ್ರದಲ್ಲಿ ಒತ್ತಿದ ಹತ್ತಿಯ ಮೂಟೆಗೆ, ಅಂದರೆ ಅಂಡಿಗೆ, ಪಟ್ಟಿ ಬಿಗಿಯಬೇಕು, ಆಮೇಲೆ ಚೆಂಡು ಹಿಡಿಯಬೇಕು. ಪಟ್ಟಿಯನ್ನು ಬಹಳ ಚೆನ್ನಾಗಿ ಬಿಗಿಯುತ್ತಿದ್ದರು ಎಂದು ಎಲ್ಲರೂ ಒಪ್ಪುತ್ತಿದ್ದರು.

ಪ್ರತಿ ಸುಗ್ಗಿಗೆ ಆರು ಪಂದ್ಯ. ಪ್ರತಿ ಪಂದ್ಯದಲ್ಲಿ ಸೋತವರು ಗೆದ್ದವರಿಗೆ ಒಂದು ಹಿತ್ತಾಳೆಯ ಕೊಡ ಕೊಡಬೇಕು. ಏಳು ಸುಗ್ಗಿಯಲ್ಲಿ ಬೈಲಹೊಂಗಲದವರು ಗೆದ್ದದ್ದು ಎರಡು. ಒಂದು, ಕಿತ್ತೂರಿನವರ ಬಸ್ಸು ನಡುದಾರಿಯಲ್ಲಿ ಕೆಟ್ಟು ಅವರು ಬರದೇ ಇದ್ದಾಗ. ಇನ್ನೊಂದು, ಸವದತ್ತಿಯವರು ಯಾವುದೋ ಮದುವೆಯಲ್ಲಿ ಕೆಟ್ಟ ಬಾಸುಂದಿ ಉಂಡು ಬಂದು ನಾಲ್ಕೇ ಜನ ನಿಂತು ಆಡಿದಾಗ, ಅದೂ ಮೂರು ಅಂಕದಿಂದ. ರಾಮದುರ್ಗದ ಅರ್ಧ ಊರು ನಮ್ಮ ಸಾವಕಾರರ ಕೊಡಗಳಲ್ಲೇ ನೀರು ತರುತ್ತಿತ್ತು.

ಈ ಎಲ್ಲ ಸೋಲುಗಳನ್ನು ಉಳವಪ್ಪ ಹತ್ತಿಕಾಳಿನ ಚೀಲಗಳ ಮೇಲೆ ಕುಳಿತು ನೋಡಿದ್ದ. ಬೇರೆ ಊರಿನ ಪಂದ್ಯಕ್ಕೂ ತಪ್ಪದೆ ಬಸ್ಸು ಹತ್ತುತ್ತಿದ್ದ. ಬೆಳಗಿನಿಂದ ಸಂಜೆಯವರೆಗೆ ಯಾರ ಪರವನ್ನೂ ವಹಿಸದೆ ಬಾಯಿ ಕಟ್ಟಿಕೊಂಡವನಿಗೆ ಆ ಚೀಲಗಳ ಮೇಲೆ ಮಾತ್ರ ಒಂದು ಪಕ್ಷವಿತ್ತು. ಅದಕ್ಕಾಗಿಯೇ ಅವನು ಆ ತಂಡವನ್ನು ಪ್ರೀತಿಸುತ್ತಿದ್ದ. ಪ್ರೀತಿಸುವುದೆಂದರೆ ಅವನಿಗೆ ಗೊತ್ತಿದ್ದ ರೀತಿ ಒಂದೇ.

"ಏ ಕಾಡಪ್ಪಾ, ದೇವರು ನಿನಗ ಆರೂಕಾಲು ಫೂಟ್ ಎತ್ತರ ಕೊಟ್ಟಾನ, ಒಂದು ಗೇಣು ಜಿಗಿಯೋ ಮಾರಾಯಾ. ಕರೆಂಟಿನ ಕಂಬಾನೂ ನಿನ್ನಷ್ಟ ಎತ್ತರ ಐತಿ, ಅದಕ್ಕ ಯಾರೂ ಪಗಾರ ಕೊಡಂಗಿಲ್ಲ."

ಕಾಡಪ್ಪ ಸಾಲಹಳ್ಳಿಯವನು. ಎತ್ತರ ನೋಡಿಯೇ ಕರೆತಂದಿದ್ದರು. ಹುಟ್ಟಿದಾಗಿನಿಂದ ಎಲ್ಲವೂ ಕೈಗೆ ಎಟುಕುತ್ತಿದ್ದುದರಿಂದ ಅವನಿಗೆ ಜಿಗಿಯುವ ಅಭ್ಯಾಸವೇ ಆಗಿರಲಿಲ್ಲ.

"ಇಕ್ಬಾಲ್, ಚೆಂಡು ನಮ್ಮವರಿಗೆ ಕೊಡೂದು. ಎದುರಿನವರ ಅಂಗಿ ಬ್ಯಾರೆ ಬಣ್ಣದ್ದು ಐತಿ ನೋಡು, ಗುರ್ತು ಸಿಗಲಿ ಅಂತ ಹಂಗ ಹೊಲಿಸ್ಯಾರ."

ಇಕ್ಬಾಲ್ ತಂಡದ ನಾಯಕ, ಲಾರಿ ಡ್ರೈವರನ ಮಗ. ಅವನು ಓಡುತ್ತಲೇ ಚೀಲಗಳ ಕಡೆ ತಿರುಗಿ, "ಹೂಂ ಕಾಕಾ" ಎನ್ನುತ್ತಿದ್ದ. ಐದಡಿ ಮೂರಂಗುಲದ ಸಂಜು ಮಾತ್ರ ಬೈಗುಳ ಕೇಳಿದಾಗಲೆಲ್ಲ ನಗುತ್ತಿದ್ದ, ಅದಕ್ಕೂ ಬೇರೆ ಬೈಸಿಕೊಳ್ಳುತ್ತಿದ್ದ. ಸೋತ ಮರುದಿನವೂ ಹುಡುಗರು ತೂಕದ ಕಟ್ಟೆಯ ಮುಂದೆಯೇ ಹಾಯ್ದು ಕೆಲಸಕ್ಕೆ ಹೋಗುತ್ತಿದ್ದರು. ಉಳಿದ ಬೈಗುಳವನ್ನು ಅಲ್ಲಿಯೇ ಪಡೆದುಕೊಳ್ಳುತ್ತಿದ್ದರು.

ತೊಂಬತ್ತೆಂಟರ ಸಂಕ್ರಾಂತಿ ಮುಗಿದ ವಾರ, ಸಾವಕಾರರು ತಂಡದವರನ್ನೂ ಉಳವಪ್ಪನನ್ನೂ ತಾವು ಕೂತು ವ್ಯವಹಾರ ಮಾಡುವ ಗಾದಿಯ ಕೋಣೆಗೆ ಕರೆಸಿದರು. ಆ ಸುಗ್ಗಿಯಲ್ಲಿ ಐದು ಪಂದ್ಯ ಆಡಿ ಐದೂ ಸೋತಾಗಿತ್ತು. ಆರನೆಯದು ನಮ್ಮೂರಲ್ಲೇ, ರಾಮದುರ್ಗದವರ ಮೇಲೆ.

"ಇದೊಂದು ಗೆದ್ರ ತಂಡ ಇರತದ," ಎಂದರು ಸಾವಕಾರರು. "ಸೋತ್ರ ಕಂಬ ಕೀಳಸ್ತೇನಿ, ಆ ಬಯಲಾಗ ಹತ್ತಿ ಒಣಗಸ್ತೇನಿ. ಹತ್ತಿ ಒಣಗಿಸಿದ್ರ ನಾಲ್ಕು ಊರಾಗ ಯಾರೂ ನಗಂಗಿಲ್ಲ."

ಆಮೇಲೆ ಉಳವಪ್ಪನ ಕಡೆ ತಿರುಗಿದರು. ಅಂಕಿಗಳನ್ನು ತೂಗುಹಾಕುವ ತಗಡಿನ ಹಲಗೆ ಗಾಳಿಗೆ ಬಿದ್ದು ಮುರಿದಿತ್ತು. ತೂಕದ ಕಟ್ಟೆಯ ಮಣಿಗಳ ಹಲಗೆಯನ್ನೇ ಅಂಗಳಕ್ಕೆ ಒಯ್ಯಬೇಕು, ಉಳವಪ್ಪನೇ ಎಣಿಸಬೇಕು. ರಾಮದುರ್ಗದ ತಂಡ ನೋಡಿಕೊಳ್ಳುವ ಇಮಾಮಸಾಬರಿಗೆ ಹೇಳಿ ಕಳಿಸಿದಾಗ, ಉಳವಪ್ಪ ಎಣಿಸುವುದಾದರೆ ತಮ್ಮ ಕಡೆಯಿಂದ ಯಾರನ್ನೂ ಕೂರಿಸುವುದಿಲ್ಲ ಎಂದಿದ್ದರಂತೆ.

"ಎಣಸೂವನು ಬೈಯೂ ಹಂಗಿಲ್ಲ, ನೆನಪಿರಲಿ," ಎಂದರು ಸಾವಕಾರರು.

ಉಳವಪ್ಪ ಮನೆಗೆ ಬಂದು ಹೆಂಡತಿ ಗುರುಬಸವ್ವನಿಗೆ ಈ ಮಾನದ ಸಂಗತಿ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಲವತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕುಂದರತೀರೇನು? ಹಂಗಾದ್ರ ನಾನೂ ಬರತೇನಿ. ಲಗ್ನ ಆಗಿ ಮೂವತ್ತು ವರ್ಷ ಆತು, ಅದೊಂದು ನೋಡಿಲ್ಲ ನಾ."

ಪಂದ್ಯದ ದಿನ ಅವಳು ನಿಜವಾಗಿಯೂ ಬಂದಳು. ಬಯಲು ತುಂಬ ಜನ. ಉಳವಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲಗೆಯ ಪಕ್ಕದಲ್ಲಿ ನಿಂತಿದ್ದ. ಮೇಲಿನ ತಂತಿ ನಮ್ಮವರದು, ಕೆಳಗಿನದು ರಾಮದುರ್ಗದ್ದು, ಅಂಕಕ್ಕೊಂದು ಮಣಿ. ಮೇಜಿನ ಮುಂದೆ ಪುಸ್ತಕದಲ್ಲಿ ಬರೆದುಕೊಳ್ಳಲು ಒಬ್ಬ ಮಾಸ್ತರರಿದ್ದರು. ಅವರು ಚೆಂಡಿನ ಕಡೆ ನೋಡುವ ಗೋಜಿಗೆ ಹೋಗದೆ ಹಲಗೆ ನೋಡಿಯೇ ಬರೆಯುತ್ತಿದ್ದರು. ಉಳವಪ್ಪನ ಹಲಗೆ ಇರುವಾಗ ಚೆಂಡಿನ ಕಡೆ ನೋಡುವುದು ಅವರಿಗೆ ದಂಡವೆನಿಸಿರಬೇಕು.

ಅಂದು ಏನಾಯಿತೋ, ನಮ್ಮವರು ಆಡಿದರು. ಇಕ್ಬಾಲ್ ಕೊಟ್ಟ ಚೆಂಡು ನಮ್ಮವರ ಕೈಗೇ ಹೋಯಿತು. ಕಾಡಪ್ಪ ಒಮ್ಮೆ ಜಿಗಿದ. ಜಿಗಿದದ್ದಕ್ಕೆ ತಾನೇ ಗಾಬರಿಯಾಗಿ ಕೆಳಗೆ ನೋಡಿದ. ಬೈಯುವುದಕ್ಕೆ ಏನೂ ಇರಲಿಲ್ಲ, ಹೊಗಳುವ ಹಾಗೆಯೂ ಇರಲಿಲ್ಲ. ಉಳವಪ್ಪ ಟವೆಲಿನ ತುದಿ ಕಚ್ಚಿಕೊಂಡು ಮಣಿ ಸರಿಸುತ್ತಿದ್ದ. ಕಣ್ಣು ಅಂಗಳದಲ್ಲಿ, ಕೈ ತಂತಿಯ ಮೇಲೆ. ಆ ಕೈಗೆ ಕಣ್ಣಿನ ಅಗತ್ಯವಿರಲಿಲ್ಲ, ಮೂವತ್ತೈದು ವರ್ಷದಿಂದ ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ಬಂದಿತ್ತು.

ಕೊನೆಯ ನಿಮಿಷಕ್ಕೆ ಹಲಗೆಯ ಮೇಲೆ ನಲವತ್ತೇಳು ನಲವತ್ತಾರು. ನಮ್ಮವರದೇ ಹೆಚ್ಚು. ಇಪ್ಪತ್ತು ಸೆಕೆಂಡು ಉಳಿದಿದ್ದಾಗ ಚೆಂಡು ಸಂಜುವಿನ ಕೈಗೆ ಬಂತು. ಅವನು ಬಳೆಯ ಬಲಗಡೆ, ಎರಡು ಮಾರು ದೂರದಲ್ಲಿದ್ದ. ಹತ್ತಿರದಲ್ಲಿ ರಾಮದುರ್ಗದವರು ಒಬ್ಬರೂ ಇರಲಿಲ್ಲ. ಚೆಂಡು ಎತ್ತಿದ. ಅಷ್ಟರಲ್ಲಿ ಇಕ್ಬಾಲ್ ಹಲಗೆಯ ಕಡೆ ನೋಡಿ, "ಹಾಕಬ್ಯಾಡಲೇ, ಹಿಡಕೋ, ನಮ್ಮದು ಒಂದು ಮ್ಯಾಲ ಐತಿ," ಎಂದು ಕೂಗಿದ. ಸಂಜು ಎತ್ತಿದ ಚೆಂಡನ್ನು ಇಳಿಸಿ, ನೆಲಕ್ಕೆ ಬಡಿಯುತ್ತ ಅಂಗಳದ ತುಂಬ ಓಡಿದ. ರಾಮದುರ್ಗದ ಐವರೂ ಅವನ ಹಿಂದೆ ಓಡಿದರು. ಸೀಟಿ ಊದಿತು.

ಆಮೇಲಿನದನ್ನು ಉಳವಪ್ಪ ಸರಿಯಾಗಿ ಹೇಳಲಾರ. ಯಾರೋ ಗುಲಾಲು ತಂದರು. ಸಾವಕಾರರು ಹುಡುಗರನ್ನೆಲ್ಲ ತಬ್ಬಿಕೊಂಡು, ಇನ್ನು ಮೂರು ವರ್ಷ ತಂಡಕ್ಕೆ ಚಿಂತೆಯಿಲ್ಲ ಎಂದರು. ಕಾಡಪ್ಪ ಉಳವಪ್ಪನನ್ನು ಹೆಗಲ ಮೇಲೆ ಎತ್ತಿ ಕುಣಿದ. ಅಷ್ಟು ಎತ್ತರದಿಂದ ಊರನ್ನು ಅವನು ಎಂದೂ ನೋಡಿರಲಿಲ್ಲ. ಕೆಳಗೆ ಗುರುಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಏಳು ವರ್ಷದಲ್ಲಿ ಅಷ್ಟು ಸುಖ ಅವನಿಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಮರುದಿನ ಬೆಳಿಗ್ಗೆ ಹಲಗೆ ತೂಕದ ಕಟ್ಟೆಗೆ ಮರಳಿತು. ನೇಸರಗಿಯ ಮಹಾಂತಪ್ಪನೆಂಬ ರೈತ ಎರಡು ಬಂಡಿ ಹತ್ತಿ ತಂದಿದ್ದ. ಉಳವಪ್ಪ ಗುಲಾಲು ಹೋಗದ ಕಿವಿಯಲ್ಲೇ ತೂಗಲು ನಿಂತ.

"ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು... ಕೊಸರು..."

ಅವನ ಕೈ ಮೇಲಿನ ತಂತಿಯಲ್ಲಿ ಒಂದು ಮಣಿಯನ್ನು ಸರಿಸಿತು. ಅವನು ಆ ಕೈಯನ್ನು ನೋಡಿದ. ಎಣಿಕೆ ನಿಂತಿತು. ಹಮಾಲರು ಬುಟ್ಟಿ ಹಿಡಿದುಕೊಂಡೇ ನಿಂತರು. ಆ ಕಟ್ಟೆಯ ಮೇಲೆ ಎಣಿಕೆ ನಡುವೆ ನಿಂತದ್ದನ್ನು ಅವರು ಯಾರೂ ಕಂಡಿರಲಿಲ್ಲ.

"ಯಾಕ್ರಿ ಉಳವಪ್ಪಣ್ಣ, ಎದಿ ಹಿಡಿತೇನು?" ಎಂದ ಮಹಾಂತಪ್ಪ.

"ಇಲ್ಲ," ಎಂದ ಉಳವಪ್ಪ. ಉಳಿದದ್ದನ್ನು ಹೇಗೋ ತೂಗಿ ಮುಗಿಸಿ, ಕಟ್ಟೆಯ ಹಿಂದೆ ಹೋಗಿ ಒಬ್ಬನೇ ಕುಳಿತ.

ಅವನಿಗೆ ಒಂದು ಶಕ್ತಿಯಿತ್ತು. ಒಂದು ದಿನ ತೂಗಿದ ಮಾಲನ್ನೆಲ್ಲ ಮರುದಿನ ಬಂಡಿ ಬಂಡಿಯಾಗಿ ಬಾಯಲ್ಲಿ ಹೇಳಬಲ್ಲ. ಹಾಗೆಯೇ ನಿನ್ನೆಯ ಪಂದ್ಯವನ್ನು ಮೊದಲಿನಿಂದ ಎಣಿಸಿಕೊಂಡ. ಇಕ್ಬಾಲನದು ಹದಿನೇಳು. ಕಾಡಪ್ಪನದು ಹನ್ನೊಂದು. ಸಂಜುವಿನದು ಒಂಬತ್ತು. ಉಳಿದವರದು ಎಲ್ಲ ಸೇರಿ ಎಂಟು. ನಲವತ್ತೈದು. ಮತ್ತೊಮ್ಮೆ ಎಣಿಸಿದ, ಆಗಲೂ ನಲವತ್ತೈದು. ಇಪ್ಪತ್ತಕ್ಕೊಂದು, ನಲವತ್ತಕ್ಕೊಂದು. ಎರಡು ಮಣಿ ಕೊಸರು. ರಾಮದುರ್ಗದ್ದು ಕೆಳಗಿನ ತಂತಿ, ಅದಕ್ಕೆ ಕೊಸರಿಲ್ಲ. ಅವರದು ನಲವತ್ತಾರು ನಲವತ್ತಾರೇ.

ಮಧ್ಯಾಹ್ನ ಊಟಕ್ಕೆ ಹೋದವನು ರೊಟ್ಟಿ ಮುರಿದು ಹಾಗೆಯೇ ತಟ್ಟೆಯಲ್ಲಿಟ್ಟ. ಕೊನೆಗೆ ಗುರುಬಸವ್ವನಿಗೆ ಎಲ್ಲ ಹೇಳಿದ. ಅವಳು ನಗಬೇಕೋ ಬೇಡವೋ ಎಂದು ಅವನ ಮುಖ ನೋಡಿದಳು.

"ರೂಢಿ ಮ್ಯಾಲ ಕೈ ಹೋತು. ಬೇಕಂತ ಮಾಡಿಲ್ಲಲ್ಲ ನೀವು," ಎಂದಳು.

"ಅದ ಗೊತ್ತಾಗವಲ್ದು," ಎಂದ ಉಳವಪ್ಪ. "ರೂಢಿನೋ, ಇಲ್ಲಾ ಆ ಕೈಗೂ ನಮ್ಮವರು ಗೆಲ್ಲಲಿ ಅಂತ ಆಸೆ ಇತ್ತೋ. ನನ್ನ ಕೈನ ನನಗ ಗೊತ್ತಾಗವಲ್ದು ನೋಡು."

ಅವನಿಗೆ ಹೆದರಿಕೆಯಾಗಿದ್ದದ್ದು ಅದಕ್ಕೇ. ಸುಮ್ಮನಿದ್ದರೆ ತಂಡ ಉಳಿಯುತ್ತದೆ. ಯಾರೂ ಕೇಳಿಲ್ಲ, ಕೇಳುವವರೂ ಇಲ್ಲ. ಆದರೆ ನಾಳೆ ತಕ್ಕಡಿಯ ಮುಂದೆ ನಿಂತು "ಲಾಭ" ಎನ್ನುವಾಗ ಆ ಮಾತು ಬಾಯಿಂದ ಹೊರಡಬೇಕಲ್ಲ.

ಗುರುಬಸವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಉಣ್ಣರಿ ಮೊದಲ. ಉಂಡು ಸಾವಕಾರರಿಗೆ ಹೇಳಿ ಬರ್ರಿ. ಹೇಳದ ನಿಮಗ ನಿದ್ದಿ ಹತ್ತಂಗಿಲ್ಲ, ನಿಮಗ ಹತ್ತಲಿಲ್ಲಂದ್ರ ನನಗೂ ಇಲ್ಲ."

ಸಾವಕಾರರು ಗಾದಿಯ ಮೇಲೆ ಹೊಸ ಅಂಗಿಗಳ ಬಟ್ಟೆ ಹರವಿಕೊಂಡು ಕುಳಿತಿದ್ದರು. ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕೇಳಿ, ಎದ್ದು ಬಾಗಿಲು ಎಳೆದು ಮುಚ್ಚಿದರು.

"ಕೊಸರು ಫ್ಯಾಕ್ಟರಿ ಹಕ್ಕು ಉಳವಪ್ಪ. ನಮ್ಮಪ್ಪನ ಕಾಲದಿಂದ ಐತಿ. ಅಂಗಳ ಯಾರದು? ಫ್ಯಾಕ್ಟರಿದು. ಮುಗೀತು."

"ಅದು ಹತ್ತಿಗೆ ಸಾವಕಾರ. ಆಟಕ್ಕಿಲ್ಲ."

"ನೀ ಬಾಯಿ ಬಿಟ್ರ ತಂಡ ಇರಂಗಿಲ್ಲ. ಕಂಬ ಕೀಳಸ್ತೇನಿ ಅಂತ ಹತ್ತು ಮಂದಿ ಮುಂದ ಹೇಳೇನಿ, ಮಾತು ತಪ್ಪಾಕ ಬರಂಗಿಲ್ಲ. ವಿಚಾರ ಮಾಡು."

ಉಳವಪ್ಪ ಸಂತೆಯ ದಿನದವರೆಗೆ ವಿಚಾರ ಮಾಡಿದ. ಆ ಎರಡು ದಿನ ಹುಡುಗರು ತೂಕದ ಕಟ್ಟೆಯ ಮುಂದೆ ಎದೆ ಎತ್ತಿ ಹಾಯುತ್ತಿದ್ದರು. "ಕಾಕಾ, ಇವತ್ತೂ ಬೈಗುಳ ಇಲ್ಲೇನು?" ಎಂದು ಸಂಜು ಕೇಳಿದ. ಉಳವಪ್ಪ ಮುಖ ತಿರುಗಿಸಿದ. ಗೆಲುವಿನ ಗತ್ತೆಂದು ಹುಡುಗರು ತಿಳಿದರು.

ಸಂತೆಯ ದಿನ ರಾಮದುರ್ಗದ ಇಮಾಮಸಾಬರು ಎಂದಿನಂತೆ ವ್ಯಾಪಾರಕ್ಕೆ ಬಂದರು. ಫ್ಯಾಕ್ಟರಿಯ ಮುಂದಿನ ಅಂಗಳದಲ್ಲಿ ಮೂವತ್ತು ಬಂಡಿ ನಿಂತಿದ್ದವು. ಸಾವಕಾರರು ಗಾದಿಯ ಕೋಣೆಯ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಉಳವಪ್ಪ ತೂಕದ ಕಟ್ಟೆ ಹತ್ತಿ, ಎಲ್ಲರಿಗೂ ಕೇಳುವ ಬೆಳಗಿನ ಗಂಟಲಿನಲ್ಲಿ ಹೇಳಿದ:

"ಎಲ್ಲಾರೂ ಕೇಳ್ರಿ. ಮೊನ್ನಿ ಆಟದಾಗ ನನ್ನ ಎಣಿಕಿ ತಪ್ಪೈತಿ. ನಮ್ಮವರದು ನಲವತ್ತೈದು, ರಾಮದುರ್ಗದವರದು ನಲವತ್ತಾರು. ಇಪ್ಪತ್ತಕ್ಕೊಂದರಂಗ ಎರಡು ಕೊಸರು ನಾ ನಮ್ಮವರ ತಂತಿ ಮ್ಯಾಲ ಸರಿಸೇನಿ. ಗೆದ್ದವರು ರಾಮದುರ್ಗದವರು. ತಪ್ಪು ನನ್ನದು, ಆಟಗಾರರದಲ್ಲ."

ಇಮಾಮಸಾಬರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

"ಉಳವಪ್ಪ, ನಮ್ಮ ಹುಡುಗ್ರು ಹೊಂಗಲದವರಿಗೆ ಸೋತ್ವಿ ಅಂತ ಮೂರು ದಿನದಿಂದ ಮಾರಿ ಮುಚ್ಚಿಕೊಂಡು ಅಡ್ಡಾಡಾಕತ್ತಾರ. ಒಬ್ಬಂವ ಆಟಾನ ಬಿಡ್ತೇನಿ ಅಂದಿದ್ದ. ನಿನ್ನ ಮಾತು ಹೇಳಿದ್ರ ಜೀವ ಬಂದೀತು," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಇದನ್ನ ಹೇಳಲಿಕ್ಕೆ ಬೇಕಾಗಿದ್ದಿಲ್ಲಪಾ ನಿನಗ," ಎಂದರು.

ಆಗ ಬಂಡಿಗಳ ನಡುವಿನಿಂದ ನೇಸರಗಿಯ ಮಹಾಂತಪ್ಪ ಎದ್ದು ನಿಂತ. "ಅಲ್ರಿ ಸಾವಕಾರ, ಆಟದಾಗ ಕೊಸರು ತಪ್ಪಂದ್ರ, ನಮ್ಮ ಹತ್ತಿಯಾಗ ಇದು ಹೆಂಗ ಬರೋಬ್ಬರಿ ಆತು?" ಎಂದು ಬಹಳ ವಿನಯದಿಂದ ಕೇಳಿದ.

ಮೂವತ್ತು ಬಂಡಿಯ ಜನ ಸಾವಕಾರರ ಕಡೆ ತಿರುಗಿದರು. ಅವರು ಚಹಾದ ಕಪ್ಪು ಬಸಿಯನ್ನು ಕೆಳಗಿಟ್ಟರು. ಉತ್ತರದ ಬದಲಿಗೆ, "ನಾಳೆ ಕಂಬ ಕೀಳರಿ," ಎಂಬ ಮಾತು ಬಂತು. ಒಳಗಿದ್ದ ಹಿತ್ತಾಳೆಯ ಕೊಡವನ್ನು ಇಮಾಮಸಾಬರ ಜೀಪಿನಲ್ಲಿ ಇಡಲಾಯಿತು.

ಸಂಜೆ ಉಳವಪ್ಪ ಹಿಂದಿನ ಬಯಲಿಗೆ ಹೋದ. ಹೋಗಬಾರದೆಂದು ಮೂರು ಸಲ ಮನೆಯ ಕಡೆ ತಿರುಗಿ, ಮೂರು ಸಲವೂ ಮರಳಿದ್ದ. ಹುಡುಗರು ಅಂಗಳದ ನಡುವೆ ಕುಳಿತಿದ್ದರು. ಅಂಡಿಗೆ ಪಟ್ಟಿ ಬಿಗಿಯುವ ಕೆಲಸ ಅವರಿಗೆ ಉಳಿದಿತ್ತು, ಚೆಂಡು ಹಿಡಿಯುವುದು ಮಾತ್ರ ಇಂದಿಗೆ ಮುಗಿದಿತ್ತು. ಅವನನ್ನು ನೋಡಿ ಇಕ್ಬಾಲ್ ಎದ್ದು ನಿಂತ.

"ಬರ್ರಿ ಕಾಕಾ. ಕುಂದರ್ರಿ. ನಿಮಗ ಯಾರೂ ಏನೂ ಅನ್ನಂಗಿಲ್ಲ."

"ಅನ್ನಬೇಕು," ಎಂದ ಉಳವಪ್ಪ. "ಅದಕ್ಕ ಬಂದೇನಿ. ನಿಮ್ಮ ತಂಡ ಮುಳುಗಿಸಿದಂವ ನಾನು."

"ಇಲ್ಲಂದ್ರೂ ನಾವು ಸೋತಿದ್ವಲ್ರಿ ಕಾಕಾ," ಎಂದ ಕಾಡಪ್ಪ. "ಎಣಿಕಿ ಬರೋಬ್ಬರಿ ಇದ್ರ ಆವತ್ತ ಸೋಲತಿದ್ವಿ. ಈಗ ಮೂರು ದಿನ ತಡಾ ಆಗಿ ಸೋತ್ವಿ, ಅಷ್ಟ."

"ಇಲ್ಲ," ಎಂದ ಉಳವಪ್ಪ. ಮೂರು ದಿನದಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಇದು. ಹೆಂಡತಿಗೂ ಹೇಳಿರಲಿಲ್ಲ, ಸಾವಕಾರರಿಗೂ ಹೇಳಿರಲಿಲ್ಲ. "ಇಪ್ಪತ್ತು ಸೆಕೆಂಡ್ ಉಳಿದಿತ್ತು. ಬಳಿಯ ಬಲಕ್ಕ ಸಂಜು ಒಬ್ಬನ ನಿಂತಿದ್ದ, ಚೆಂಡು ಎತ್ತಿದ್ದ. ನನ್ನ ಹಲಗಿ ನೋಡಿ ಇಕ್ಬಾಲ್ ಬ್ಯಾಡ ಅಂದ. ಹಲಗಿ ಖರೆ ಹೇಳಿದ್ರ, ಒಂದು ಕಡಿಮಿ ಐತಿ ಅಂತ ಗೊತ್ತಿದ್ರ, ಸಂಜು ಹಾಕತಿದ್ದ. ನಲವತ್ತೇಳು ಆಗತಿತ್ತು. ನೀವು ಖರೆಖರೆ ಗೆದ್ದಿರತಿದ್ರಿ. ಏಳು ವರ್ಷ ನಿಮ್ಮನ್ನ ಬೈದೆ, ಗೆಲ್ಲೂ ಹೊತ್ತಿನಾಗ ನಾನ ಅಡ್ಡ ಬಂದೆ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಈ ಲೆಕ್ಕ ಅವರಿಗೆ ಹೊಳೆದಿರಲಿಲ್ಲ.

"ಸಂಜು," ಎಂದ ಉಳವಪ್ಪ. "ಎದ್ದೇಳು. ಆವತ್ತ ನಿಂತಲ್ಲೆ ನಿಂದರು. ಹಾಕು. ನಾ ನೋಡಬೇಕು."

"ಈಗ ಹಾಕಿದ್ರ ಏನ್ ಬಂತು ಕಾಕಾ?"

"ನನಗ ಗೊತ್ತಾಗಬೇಕು. ಹಾಕು."

ಸಂಜು ಎದ್ದ. ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದ. ಬಳೆಯ ಬಲಗಡೆ, ಎರಡು ಮಾರು ದೂರ, ಸರಿಯಾಗಿ ಅದೇ ಜಾಗದಲ್ಲಿ ನಿಂತ. ಒಮ್ಮೆ ಬಳೆಯನ್ನು ನೋಡಿದ, ಒಮ್ಮೆ ಉಳವಪ್ಪನನ್ನು ನೋಡಿದ. ಆಮೇಲೆ ಚೆಂಡು ಎಸೆದ.

ಚೆಂಡು ಬಳೆಯನ್ನು ಮುಟ್ಟಲೇ ಇಲ್ಲ. ಎಡಕ್ಕೆ ಹಾರಿ, ಬಳೆಯ ಹಿಂದಿನ ಹಲಗೆಯ ಅಂಚಿಗೆ ಬಡಿದು, ಹತ್ತಿಕಾಳಿನ ಚೀಲಗಳ ಕಡೆ ಉರುಳಿತು.

"ನೋಡಿದ್ರಲ್ಲ ಕಾಕಾ," ಎಂದ ಸಂಜು. "ಆವತ್ತ ಹಾಕಿದ್ರೂ ಬೀಳತಿದ್ದಿಲ್ಲ. ಹೆಂಗಿದ್ರೂ ನಮ್ಮ ಹಣೆಬಾರ ಇಷ್ಟ. ನಿಮ್ಮ ಹಲಗಿದೇನೂ ತಪ್ಪಿಲ್ಲ."

"ಅಲ್ಲಿಗೆ ಮುಗೀತ್ರಿ," ಎಂದ ಇಕ್ಬಾಲ್, ತುಸು ಅವಸರದಿಂದಲೇ.

ಉಳವಪ್ಪ ಉರುಳಿ ನಿಂತ ಚೆಂಡನ್ನು ನೋಡುತ್ತ ನಿಂತ. ಸಂಜು ಗುರಿ ತಪ್ಪುವುದನ್ನು ಅವನು ಏಳು ವರ್ಷ ನೋಡಿದ್ದ. ನಾಲ್ಕೂ ಊರುಗಳಲ್ಲಿ ನೋಡಿದ್ದ. ಸಂಜುವಿನ ಚೆಂಡು ತಪ್ಪಿದರೆ ಗಿಡ್ಡಾಗಿ ತಪ್ಪುತ್ತಿತ್ತು, ಬಳೆಯ ಮುಂದಿನ ಅಂಚಿಗೆ ಬಡಿದು ಅವನ ಕೈಗೇ ಮರಳುತ್ತಿತ್ತು. ಎಡಕ್ಕೆ ಒಂದು ಸಲವೂ ಹೋದದ್ದಿಲ್ಲ. ಎಡಕ್ಕೆ ಹೋಗಬೇಕಾದರೆ ಮಣಿಕಟ್ಟನ್ನು ಬೇಕೆಂದೇ ತಿರುಗಿಸಬೇಕು. ಆ ತಿರುಗಿದ ಮಣಿಕಟ್ಟನ್ನು ಅವನು ಈಗಷ್ಟೇ ಕಣ್ಣಾರೆ ಕಂಡಿದ್ದ. ಈ ಹುಡುಗ ಹಾಕಬಲ್ಲವನಾಗಿದ್ದ. ಅಂದೂ ಹಾಕುತ್ತಿದ್ದ.

ಹುಡುಗರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಈ ಸುಳ್ಳನ್ನು ನಂಬಲಿ ಎಂದು ಅವರಿಗೆ ಎಷ್ಟು ಆಸೆಯಿತ್ತೆಂದರೆ, ಕಾಡಪ್ಪ ಉಸಿರು ಬಿಗಿಹಿಡಿದಿದ್ದ. ಉಳವಪ್ಪನಿಗೆ ಅವರೆಲ್ಲರನ್ನೂ ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡರೆ ತನಗೆ ಗೊತ್ತಾದದ್ದು ಅವರಿಗೆ ಗೊತ್ತಾಗುತ್ತಿತ್ತು.

ಅವನು ಹೋಗಿ ಚೀಲಗಳ ಮೇಲೆ ಕುಳಿತುಕೊಂಡ.

"ಏ ಸಂಜ್ಯಾ," ಎಂದ. ಕೆಮ್ಮಿ, ಸಂಜೆಯ ಗಂಟಲು ತೆಗೆದ. "ಬಳಿ ಆ ಕಡೆ, ಚೆಂಡು ಈ ಕಡೆ. ಕಣ್ಣು ಎಲ್ಲಿ ಅಡವಿಟ್ಟಿಯೋ ಮಗನ? ಏಳು ವರ್ಷ ಪಗಾರ ತಿಂದು ಇದನ್ನ ಕಲತೀಯೇನು? ನಮ್ಮ ಗುರುಬಸವ್ವ ಒಲಿ ಮುಂದ ಕುಂತು ಒಗದಿದ್ರೂ ಒಳಗ ಬೀಳತಿತ್ತು."

ಕಾಡಪ್ಪ ಉಸಿರು ಬಿಟ್ಟ. ಇಕ್ಬಾಲ್ "ಹೂಂ ಕಾಕಾ" ಎಂದ. ಸಂಜು ನಕ್ಕ.

"ನಗತಾನ ನೋಡು," ಎಂದ ಉಳವಪ್ಪ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಹೋಗದೆ, ಕತ್ತಲಾಗುವವರೆಗೂ ಅವರನ್ನು ಬೈಯುತ್ತ ಕುಳಿತ.